ಕುಂಡಪಾಲಕರು

ಎಂಟು ದಿಕ್ಕುಗಳಿಗೆ ಎಂಟು ಮಂದಿ ಪಾಲಕರನ್ನು ನೇಮಿಸಿ ಜಗದ್ರಕ್ಷಣೆಯ ಏರ್ಪಾಡು ಮುಗಿಯಿತೆಂದು ನಿಶ್ಚಿಂತರಾದ ನಮ್ಮ ಪುರಾಣಕರ್ತರು, ಮನೆಯ ಮೆಟ್ಟಿಲುಗಳ ಮೇಲೂ ಮಾಳಿಗೆಯ ಅಂಚಿನಲ್ಲಿಯೂ ಸಾಲಾಗಿ ಇಟ್ಟ ಮಣ್ಣಿನ ಕುಂಡಗಳ ಯೋಗಕ್ಷೇಮಕ್ಕೆ ಯಾವ ದೇವತೆಯನ್ನೂ ಗೊತ್ತುಮಾಡದೆ ಹೋದುದು ಲೋಪವೇ ಸರಿ. ಆದರೆ ದೇವತೆಗಳು ಬಿಟ್ಟುಹೋದ ಕೆಲಸವನ್ನು ಮನುಷ್ಯನು, ಅದರಲ್ಲಿಯೂ ಸರಕಾರದ ಸಂಬಳ ಪಡೆಯುವ ಮನುಷ್ಯನು, ಕೈಗೆತ್ತಿಕೊಳ್ಳುವುದು ಲೋಕರೂಢಿಯಾದುದರಿಂದ, ಈ ಒಂಬತ್ತನೆಯ ಪಾಲಕನು ಯಾರ ನೇಮಕಾತಿಗೂ ಕಾಯದೆ ತಾನಾಗಿಯೇ ಅವತರಿಸಿದ್ದಾನೆ. ಇಂದ್ರನಿಗೆ ವಜ್ರಾಯುಧವಿರುವಂತೆ ಇವನಿಗೆ ಬೇವಿನೆಣ್ಣೆಯ ಪಿಚಕಾರಿಯುಂಟು. ವರುಣನಿಗೆ ಪಾಶವಿರುವಂತೆ ಗೋಣಿಚೀಲವನ್ನು ಬಿಗಿಯುವ ಸುತಳಿಯುಂಟು. ವಾಹನವೊಂದರ ಕೊರತೆಯನ್ನು ಇಲಾಖೆಯ ಜೀಪು ಆಗಾಗ ನೀಗಿಸುತ್ತದೆ.

ಈ ಜಾತಿಯವರು ನಾಡಿನ ಎಲ್ಲ ಊರುಗಳಲ್ಲಿಯೂ ಕಾಣಸಿಗುವರಾದರೂ, ಅವರ ಮಹಿಮೆಯನ್ನು ಪೂರ್ಣಕಲೆಯಲ್ಲಿ ದರ್ಶಿಸಬಯಸುವವರು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೇ ಬರಬೇಕು. ಹಿಮ ಬೀಳುವ ದೇಶದಲ್ಲಿ ಗಿಡಕ್ಕೆ ಹೊದಿಕೆ ಹಾಕುವವನನ್ನು ವಿವೇಕಿಯೆಂದು ಕರೆದು ಸುಮ್ಮನಾಗಬಹುದು. ಬೇಸಗೆಯಲ್ಲಿ 42 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ, ಅಂಗಳದ ಪರಸಿ ಕಲ್ಲಿನ ಮೇಲೆ ಬರಿಗಾಲನ್ನು ಊರಿದವರು ಮರುಕ್ಷಣವೇ ನರ್ತಿಸತೊಡಗುವ ಊರಿನಲ್ಲಿ ಅದೇ ಕೆಲಸವನ್ನು ಮಾಡುವವನಿಗೆ ಭಕ್ತನೆಂಬ ಹೆಸರಲ್ಲದೆ ಬೇರೊಂದು ಸಲ್ಲದು. ಇಲ್ಲಿಯ ಜನಕ್ಕೆ ಚಳಿಗಾಲವೆಂಬುದು ವರ್ಷದಲ್ಲಿ ಒಮ್ಮೆ ದೊರೆಯುವ ಕರುಣೆ. ಮಾರ್ಗಶಿರ ಪುಷ್ಯಗಳಲ್ಲಿ ಇರುಳಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು. ಉತ್ತರದ ಗಾಳಿ ಬಲವಾಗಿ ಬೀಸಿದ ಕೆಲವು ರಾತ್ರಿ ಇನ್ನೂ ಕೆಳಗೆ ಹೋಗುವುದೂ ಉಂಟು. ಹಿಂಗಾರಿ ಜೋಳವು ಎರೆಹೊಲದಲ್ಲಿ ಉಳಿದ ಹಸಿಯನ್ನೂ ಮೇಲಿನಿಂದ ಬೀಳುವ ಇಬ್ಬನಿಯನ್ನೂ ನಂಬಿಕೊಂಡು ತೆನೆಗೆ ಬರುವುದು ಈ ದಿನಗಳಲ್ಲಿಯೇ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳ ಬುತ್ತಿಯನ್ನು ಹೊತ್ತು ಹೊಲಕ್ಕೆ ನಡೆದು, ಚರಗ ಚೆಲ್ಲಿ, ಹಿತವಾದ ಬಿಸಿಲಿನಲ್ಲಿ ಕುಳಿತು ಉಣ್ಣುವುದೂ ಈ ದಿನಗಳಲ್ಲಿಯೇ. ಸುರಪುರದ ಬಳಿಯ ಬೋನಾಳ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ಹಾರಿ ದಾಟಿ ಬರುವುದಕ್ಕೂ ಕಾರಣ ಅಲ್ಲಿಯ ಚಳಿಯಿಂದ ತಪ್ಪಿಸಿಕೊಳ್ಳುವುದೇ. ಇಷ್ಟು ದೂರದ ಪ್ರಯಾಣಿಕರು ಬೆಚ್ಚಗಿರುವ ತಾಣವೆಂದು ಪರೀಕ್ಷಿಸಿ ಒಪ್ಪಿದ ಸೀಮೆಯಲ್ಲಿ, ಒಂದು ಕ್ರೋಟನ್ ಗಿಡಕ್ಕೆ ಉಣ್ಣೆಯ ಟೋಪಿ ತೊಡಿಸುವ ಮನುಷ್ಯನಿದ್ದಾನೆಂದರೆ, ಹಕ್ಕಿಗಳ ಅಭಿಪ್ರಾಯವನ್ನು ಅವನು ವಿಚಾರಿಸಿಲ್ಲವೆಂದೇ ತಿಳಿಯಬೇಕು.

ನನಗೆ ಸಮೀಪದಿಂದ ಪರಿಚಯವಿರುವ ಕುಂಡಪಾಲಕರು ಯಾದಗಿರಿಯಲ್ಲಿದ್ದಾರೆ. ಅವರನ್ನು ರಾಯರೆಂದಷ್ಟೇ ಕರೆಯುವೆನು. ಹೆಸರು ಹೇಳಿದರೆ ಇಂಥ ಬೇರೆ ರಾಯರು ತಮ್ಮನ್ನು ಬಿಟ್ಟರೆಂದು ನೊಂದುಕೊಂಡಾರು. ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿಯು ರಾಜ್ಯದ 30ನೆಯ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು, ಎಂದರೆ ಚಳಿಗಾಲದ ನಟ್ಟನಡುವೆ. ಜಿಲ್ಲೆಯ ಹಿಂದೆ ಕಚೇರಿಗಳು ಬಂದವು; ಕಚೇರಿಗಳ ಹಿಂದೆ ಅಧಿಕಾರಿಗಳು ಬಂದರು; ಅಧಿಕಾರಿಗಳ ಹಿಂದೆ ಲಾರಿಗಳಲ್ಲಿ, ಕಪಾಟು ಮಂಚಗಳ ನಡುವೆ ತಲೆಯೆತ್ತಿ ಇಣುಕುತ್ತ, ಅವರವರ ಊರಿನ ಕುಂಡಗಳು ಬಂದವು. ನಮ್ಮ ರಾಯರು ಮಲೆನಾಡಿನವರು. ಅವರ ತಂದೆಯ ಕಾಲದಲ್ಲಿ ಮನೆಯಂಗಳದ ಗಿಡಗಳಿಗೆ ಸಲ್ಲಿಸಬೇಕಾದ ಸೇವೆಯೆಂದರೆ, ಅವು ಬಾಗಿಲನ್ನು ಮುಚ್ಚಿಹಾಕುವಷ್ಟು ಬೆಳೆದಾಗ ಕತ್ತಿ ಹಿಡಿದು ಕಡಿಯುವುದೊಂದೇ ಆಗಿತ್ತು. ರಾಯರು ಸ್ವತಃ ಊರಿನಲ್ಲಿದ್ದಷ್ಟು ದಿನವೂ ಒಂದು ಗಿಡಕ್ಕೆ ಒಂದು ಚೊಂಬು ನೀರೆರೆದ ನಿದರ್ಶನವಿಲ್ಲ. ಅವರಲ್ಲಿ ಸಸ್ಯಪ್ರೇಮವು ಅಂಕುರಿಸಿದ್ದು ವರ್ಗಾವಣೆಯ ಆದೇಶದೊಂದಿಗೆ. ಆಂಥೂರಿಯಂ, ಬಿಗೋನಿಯಾ, ಎರಡು ಬಗೆಯ ಜರೀಗಿಡ, ಒಂದು ದಾಸವಾಳ, ಅಜ್ಜಿಯ ಮನೆಯ ಜಾಜಿಯ ಕಡ್ಡಿ, ಇವೆಲ್ಲವೂ ಅವರೊಡನೆ ಭೀಮಾತೀರಕ್ಕೆ ಬಂದು, ಬಂದ ಮೊದಲ ಬೇಸಗೆಯಲ್ಲಿಯೇ ಅರ್ಧಪ್ರಾಣವಾದವು.

ಡಿಸೆಂಬರ್ ತಿಂಗಳು ಬಂದಾಗ ಆಂಥೂರಿಯಮ್ಮಿಗೆ ತವರಿನ ಗಾಳಿ ಸೋಂಕಿದಂತಾಗಿ, ಅದು ಬಹುದಿನಗಳ ಮೇಲೆ ಒಂದು ಹೊಸ ಎಲೆಯನ್ನು ಬಿಡಿಸಲು ಧೈರ್ಯಮಾಡುತ್ತದೆ. ಸರಿಯಾಗಿ ಅದೇ ಸಮಯಕ್ಕೆ, ಉತ್ತರ ಒಳನಾಡಿನಲ್ಲಿ ಉಷ್ಣತೆ ವಾಡಿಕೆಗಿಂತ ಎರಡು ಡಿಗ್ರಿ ಕಡಿಮೆಯಾಗುವ ಸಂಭವವಿದೆಯೆಂಬ ಹವಾಮಾನ ವರದಿಯು ರಾಯರ ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಆ ಎಲೆಯ ಭವಿಷ್ಯ ದೇವರಿಗೇ ಪ್ರೀತಿ. ಗೋಡೆಗೆ ಉಷ್ಣಮಾಪಕವು ಏರುತ್ತದೆ. ಇರುಳು ಎರಡು ಬಾರಿ ಬ್ಯಾಟರಿ ದೀಪವನ್ನು ಹಿಡಿದು ಅದನ್ನು ಓದುವುದು, ಓದಿದುದನ್ನು ಇಲಾಖೆಯ ಹಳೆಯ ರಿಜಿಸ್ಟರಿನಲ್ಲಿ ಕಲಮುಗಳಂತೆ ಬರೆದಿಡುವುದು ನಡೆಯುತ್ತದೆ. ಗೋಣಿಚೀಲಗಳಿಂದ ಆರಂಭವಾದ ಹೊದಿಕೆಯು ಹಳೆಯ ಪಂಚೆಗೆ, ಪಂಚೆಯಿಂದ ಶಾಲಿಗೆ ಬಡ್ತಿ ಪಡೆದು, ಕೊನೆಗೆ ಒಂದು ವರ್ಷ ಕೌದಿಯನ್ನೇ ಮುಟ್ಟಿತು. ಮನೆಗೆಲಸಕ್ಕೆ ಬರುವ ಮುದುಕಿಯು ಹಳೆಯ ಸೀರೆಗಳನ್ನು ಒಟ್ಟಿ, ಎಳ್ಳಿನಷ್ಟು ಸಣ್ಣ ಹೊಲಿಗೆಯಲ್ಲಿ, ರಾಯರಿಗೆ ಹುಟ್ಟಲಿರುವ ಮೊಮ್ಮಗುವಿಗೆಂದು ತಿಂಗಳಾನುಗಟ್ಟಲೆ ಕುಳಿತು ಹೊಲಿದ ಕೌದಿ ಅದು. ಬೆಳಗ್ಗೆ ಕಸ ಹೊಡೆಯಲು ಬಂದ ಆಕೆ, ಅದು ಬಿಗೋನಿಯಾ ಗಿಡದ ಮೈಮೇಲಿರುವುದನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತು, ಯಾವ ವಿಕಾರವನ್ನೂ ತೋರದ ಮುಖದಿಂದ ಕೇಳಿದಳು: “ಯಪ್ಪಾ, ಕೌದಿ ಹೊಚ್ಚೀರಿ, ಛಲೋ ಆತು. ತಲಿದಿಂಬು ಒಂದು ಇಡಲೇನ್ರೀ?”

ರಾಯರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ಮೋಡವಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ನೆಲವು ಹಗಲೆಲ್ಲ ಕುಡಿದ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲದಲ್ಲಿ ಬೇರೂರಿದ ಗಿಡಕ್ಕೆ ಭೂಮಿಯ ಒಡಲಿನ ಕಾವು ಆಸರೆಯಾದರೆ, ಕುಂಡದೊಳಗಿನ ಅಂಗೈಯಷ್ಟು ಮಣ್ಣು ಎಲ್ಲ ಬದಿಗಳಿಂದಲೂ ಬೇಗನೆ ತಣ್ಣಗಾಗುತ್ತದೆ. ಉಷ್ಣವಲಯದ ಕಾಡಿನಿಂದ ಬಂದ ಆಂಥೂರಿಯಮ್ಮಿನಂಥ ಗಿಡಗಳಿಗೆ 10 ಡಿಗ್ರಿಯ ಸುತ್ತಿನ ಚಳಿ ಹಲವು ಇರುಳು ತಗುಲಿದರೆ, ಹಿಮ ಬೀಳದಿದ್ದರೂ, ಜೀವಕೋಶಗಳ ಪೊರೆ ಕೆಟ್ಟು ಎಲೆಗಳು ಕಪ್ಪಡರಿ ಜೋಲುವುದುಂಟು. ಆದುದರಿಂದ ಅಂಥ ರಾತ್ರಿ ಕುಂಡವನ್ನು ಪಡುವಣ ಬಿಸಿಲು ಬೀಳುವ ಕಲ್ಲುಗೋಡೆಯ ಪಕ್ಕಕ್ಕೆ ಸರಿಸುವುದು, ಬೆಳಗ್ಗೆಯೇ ನೀರು ಕೊಟ್ಟು ಹಗಲಿನ ಕಾವನ್ನು ಹಿಡಿದಿಟ್ಟುಕೊಳ್ಳಲು ಮಣ್ಣಿಗೆ ಅವಕಾಶ ಮಾಡುವುದು, ಎಲೆಗೆ ತಾಗದಂತೆ ಕಡ್ಡಿಗಳ ಮೇಲೆ ಬಟ್ಟೆಯನ್ನು ಹೊದಿಸಿ ಸೂರ್ಯನೇರುವ ಮುನ್ನ ತೆಗೆಯುವುದು, ಇವೆಲ್ಲವೂ ಶಾಸ್ತ್ರಸಮ್ಮತವಾದ ಕ್ರಮಗಳೇ. ರಾಯರು ಇವನ್ನೆಲ್ಲ ಬಲ್ಲರು. ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಬಲ್ಲವರಾದುದರಿಂದಲೇ ಎಲ್ಲವನ್ನೂ ಒಂದೇ ರಾತ್ರಿ ಮಾಡುತ್ತಾರೆ, ಮಾಡಿದ ಮೇಲೆ, ಚಳಿಯಲ್ಲಿ ಪಾಪ ಬಾಯಾರಿಕೆಯಾದೀತೆಂದು, ಮಲಗುವ ಮುನ್ನ ಪ್ರತಿಯೊಂದಕ್ಕೂ ಒಂದೊಂದು ಚೊಂಬು ನೀರನ್ನು ಹೊಯ್ಯುತ್ತಾರೆ. ಕುಂಡದಲ್ಲಿರುವುದು ಇಲ್ಲಿಯ ಎರೆಮಣ್ಣು. ಅದು ಹನಿ ನೀರನ್ನೂ ಕೈಬಿಡುವ ಸ್ವಭಾವದ್ದಲ್ಲ. ಚಳಿಗಾಲದಲ್ಲಿ ಗಿಡವು ಕುಡಿಯುವುದೇ ಕಡಿಮೆ. ಹೀಗೆ ವಾರಗಟ್ಟಲೆ ಕೆಸರಿನಲ್ಲಿ ನಿಂತ ಬೇರು ಕೊಳೆತು ಗಿಡವು ಒರಗಿದಾಗ, ರಾಯರು ರಿಜಿಸ್ಟರಿನ ಷರಾ ಕಲಮಿನಲ್ಲಿ “ಶೀತಬಾಧೆ” ಎಂದು ಬರೆಯುತ್ತಾರೆ.

ಜರೀಗಿಡದ ಅಂತ್ಯವು ಇದಕ್ಕಿಂತ ಉಜ್ಜ್ವಲವಾಗಿತ್ತು. ಸಂಕ್ರಾಂತಿಯ ಹಿಂದಿನ ರಾತ್ರಿ ಬಟ್ಟೆಯೊಂದು ಸಾಲದೆಂದು ಅದಕ್ಕೆ ಪ್ಲಾಸ್ಟಿಕ್ಕಿನ ಚೀಲವನ್ನು ಸುತ್ತಿ ಸುತಳಿಯಿಂದ ಬಿಗಿದು, ಬೆಳಗಾದೊಡನೆ ಸಂಸಾರಸಮೇತರಾಗಿ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೊರಟುಬಿಟ್ಟರು. ಅಲ್ಲಿಯ ಜನಸಾಗರವನ್ನು ಈಜಿ, ಭಂಡಾರದಿಂದ ಅಡಿಯಿಂದ ಮುಡಿಯವರೆಗೆ ಹಳದಿಯಾಗಿ ಅವರು ಸಂಜೆಗೆ ಮರಳುವಷ್ಟರಲ್ಲಿ, ಬಯಲುಸೀಮೆಯ ಸೂರ್ಯನು ಚೀಲದೊಳಗೆ ಮುಚ್ಚಿಟ್ಟ ಗಿಡವನ್ನು ಹದವಾಗಿ ಬೇಯಿಸಿ ಮುಗಿಸಿದ್ದನು. ಚೀಲವನ್ನು ಬಿಚ್ಚಿದಾಗ ಬಂದ ಹಬೆಯಿಂದ ಕನ್ನಡಕವು ಮಸುಕಾಯಿತು. ಅದನ್ನು ಒರೆಸಿಕೊಂಡು ರಾಯರು ಹೇಳಿದ್ದು ಒಂದೇ ಮಾತು: “ನೋಡಿದಿರಾ, ಇಷ್ಟೆಲ್ಲ ಮಾಡಿದರೂ ಚಳಿ ಬಿಡಲಿಲ್ಲ.”

ಚಳಿಯ ಕಥೆ ಇದಾದರೆ ಕೀಟಗಳದು ಇದಕ್ಕಿಂತ ದೊಡ್ಡ ಪರ್ವ. ಹೊದಿಕೆಯ ಕತ್ತಲೆ ಮತ್ತು ಬೆಚ್ಚನೆಯ ನಿಶ್ಚಲತೆ ಗಿಡಕ್ಕೆ ಹಿತವೋ ಅಲ್ಲವೋ, ಹಿಟ್ಟು ತಿಗಣೆಗೂ ಸಸ್ಯಹೇನಿಗೂ ಅದು ಸರಕಾರಿ ವಸತಿಗೃಹವೇ. ಸಸ್ಯಹೇನಿನ ವಂಶವೃದ್ಧಿಯು ವಿವಾಹಾದಿ ವಿಧಿಗಳ ಅಪೇಕ್ಷೆಯಿಲ್ಲದೆ ನಡೆಯುವಂಥದು; ಹೆಣ್ಣುಹೇನು ಗಂಡಿನ ಸಂಗವಿಲ್ಲದೆಯೇ ಜೀವಂತ ಮರಿಗಳನ್ನು ಹೆರುವುದು ಮಾತ್ರವಲ್ಲ, ಅದರ ಗರ್ಭದಲ್ಲಿರುವ ಮಗಳ ಗರ್ಭದಲ್ಲಿ ಆಗಲೇ ಮೊಮ್ಮಗಳು ಬೆಳೆಯತೊಡಗಿರುತ್ತಾಳೆ. ಅವು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಸಾಲುಗಟ್ಟಿ ಬಂದು, ಶತ್ರುಗಳು ಹತ್ತಿರ ಸುಳಿಯದಂತೆ ಕಾವಲು ನಿಲ್ಲುತ್ತವೆ. ಅಂಟಿನ ಮೇಲೆ ಕರಿಯ ಬೂಷ್ಟು ಕೂಡುತ್ತದೆ. ಒಂದು ಮೊಮ್ಮಗುವಿನ ನಿರೀಕ್ಷೆಯಲ್ಲಿ ವರ್ಷವೆಲ್ಲ ಕಳೆದ ರಾಯರಿಗೆ ಈ ಸಂತಾನಸಮೃದ್ಧಿಯು ವೈಯಕ್ತಿಕವಾದ ಅವಮಾನದಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಔಷಧಿಗಾಗಿ ಅವರು ಶಹಾಪುರಕ್ಕೇ ಹೋದರು, ಏಕೆಂದರೆ ಯಾದಗಿರಿಯ ಗೊಬ್ಬರದ ಅಂಗಡಿಗಳವರಿಗೆ ಅವರ ಪರಿಚಯವು ಅತಿಯಾಗಿಹೋಗಿದೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ಕಾಲುವೆ ನೀರು ಬಂದಂದಿನಿಂದ ಶಹಾಪುರ, ಸುರಪುರಗಳ ಕಡೆ ಹತ್ತಿ, ಭತ್ತ, ಮೆಣಸಿನಕಾಯಿಗಳ ಬೆಳೆಯು ಹಬ್ಬಿ, ಬೆಳೆಯ ಹಿಂದೆಯೇ ಹುಳುವೂ, ಹುಳುವಿನ ಹಿಂದೆಯೇ ‘ಎಣ್ಣಿ’ಯ ವ್ಯಾಪಾರವೂ ಬೆಳೆದಿವೆ. ಬಾಕಿನ ಮೇಲೆ ಸಾಲಾಗಿ ಕುಳಿತ ಹತ್ತಿಯ ರೈತರ ನಡುವೆ ನುಸುಳಿ ನಿಂತ ರಾಯರನ್ನು ಅಂಗಡಿಯವನು ವಿಚಾರಿಸಿದನು.

“ಯಾವ ಬೆಳಿಗ್ರೀ?”

“ದಾಸವಾಳಕ್ಕೆ.”

“ಎಷ್ಟ ಹಾಕೀರಿ?”

“ಒಂದು.”

“ಒಂದ್ ಎಕರೆ ದಾಸಾಳಾ! ಯಾರ್ ತಗೋತಾರ್ರಿ ಆ ಮಾಲ?”

“ಎಕರೆ ಅಲ್ಲಪ್ಪ. ಒಂದು ಗಿಡ.”

ಅಂಗಡಿಯಲ್ಲಿ ಮೌನವು ಆವರಿಸಿತು. ಬಾಕಿನ ತುದಿಯಲ್ಲಿ ಕುಳಿತಿದ್ದ ಹಿರಿಯ ರೈತನೊಬ್ಬನು ಎಲೆಯಡಿಕೆಯನ್ನು ದವಡೆಯ ಒಂದು ಮಗ್ಗುಲಿಗೆ ಸರಿಸಿ, ಅತ್ಯಂತ ವಿನಯದಿಂದ ಹೇಳಿದನು: “ಸಾಹೇಬ್ರ, ಒಂದ ಗಿಡದ ಹುಳಕ್ಕ ಎಣ್ಣಿ ಯಾಕ್ ಬೇಕ್ರೀ? ಹೆಸರ ಹಿಡದ ಕರೀರಿ, ತಾವಾ ಇಳದ ಬರ್ತಾವ.”

ರಾಯರು ಬೇವಿನೆಣ್ಣೆಯ ಸೀಸೆಯೊಂದನ್ನು ಕೊಂಡು ಹಿಂದಿರುಗಿದರು. ಒಂದು ಲೀಟರು ನೀರಿಗೆ ಒಂದು ಚಮಚ ಎಣ್ಣೆ, ಅದು ನೀರಿನೊಡನೆ ಬೆರೆಯಲು ಸಾಬೂನಿನ ನಾಲ್ಕು ಹನಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಬದಿಗೆ ಸಿಂಪಡಿಸುವುದು, ವಾರದ ನಂತರ ಪುನಃ ಮಾಡುವುದು, ಇಷ್ಟೇ ವಿಧಿ. ಬೇವಿನ ಬೀಜದ ಸತ್ತ್ವವು ಕೀಟವನ್ನು ಕಂಡಲ್ಲಿಯೇ ಕೆಡವುವುದಿಲ್ಲ. ಅದರ ಹಸಿವನ್ನು ಕೆಡಿಸಿ, ಮರಿಗಳು ಪೊರೆ ಕಳಚಿ ಬೆಳೆಯದಂತೆ ತಡೆದು, ಸಾವಧಾನವಾಗಿ ಕೆಲಸ ಮಾಡುತ್ತದೆ. ಸಾವಧಾನವು ಕುಂಡಪಾಲಕನ ಗುಣವಲ್ಲ. ಒಂದು ಚಮಚಕ್ಕೆ ಗುಣವಿದ್ದರೆ ನಾಲ್ಕಕ್ಕೆ ನಾಲ್ಮಡಿ ಗುಣವಿರಬೇಕೆಂಬ ತ್ರೈರಾಶಿಕವನ್ನು ಅನುಸರಿಸಿ, ಭಾನುವಾರದ ನಡುಹಗಲಿನಲ್ಲಿ ಅವರು ಮಾಡಿದ ಅಭಿಷೇಕದಿಂದ ದಾಸವಾಳದ ಎಲೆಗಳೆಲ್ಲ ಅಂಚಿನಿಂದ ಸುಟ್ಟುಕೊಂಡು ಸುರುಟಿದವು. ತಿಗಣೆಗಳು, ತಮ್ಮ ಮೇಣದ ಕವಚದೊಳಗೆ ಬಹುಪಾಲು ಸುಖವಾಗಿದ್ದು, ಕಾಂಡದ ಸಂದುಗಳಿಗೆ ಸರಿದುಕೊಂಡವು.

ಅವರ ನೆರೆಮನೆಯ ಹುಡುಗಿಯು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಕೆ ಒಂದು ದಿನ ಬೇಲಿಯ ಮೇಲಿನಿಂದ ಇಣುಕಿದಾಗ, ರಾಯರು ಚಿಮುಟವನ್ನು ಹಿಡಿದು ದಾಸವಾಳದ ಮೇಲಿನ ತಿಗಣೆಗಳ ಪೈಕಿ ಅತ್ಯಂತ ದೊಡ್ಡವನ್ನು, ಮೈತುಂಬ ಬಿಳಿಯ ಕುಚ್ಚುಗಳನ್ನು ಜೋಲಿಸಿಕೊಂಡು ಚುರುಕಾಗಿ ಓಡಾಡುವವನ್ನು, ಸೇನಾಪತಿಗಳೆಂದು ಬಗೆದು ಒಂದೊಂದಾಗಿ ಹಿಡಿದು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದರು. ಆಕೆ ಬೇಲಿಯನ್ನು ಬಳಸಿ ಓಡಿಬಂದಳು. ಅವು ತಿಗಣೆಗಳಲ್ಲವೆಂದೂ, ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳುವಿನ ಮರಿಗಳೆಂದೂ, ತಿಗಣೆಗಳ ನಡುವೆಯೇ ಬೇಟೆಯಾಡಬೇಕಾದುದರಿಂದ ಅವುಗಳದೇ ವೇಷವನ್ನು ಧರಿಸಿವೆಯೆಂದೂ ವಿವರಿಸಿದಳು. ಈ ಬಗೆಯ ಹುಳುವೊಂದನ್ನು ಕಾಫಿ ಗಿಡದ ಹಸಿರು ಶಲ್ಕಕೀಟಕ್ಕೆ ಮದ್ದಾಗಲೆಂದು 1898ರಲ್ಲಿಯೇ ಆಸ್ಟ್ರೇಲಿಯದಿಂದ ದಕ್ಷಿಣ ಭಾರತಕ್ಕೆ ತರಿಸಿದ್ದರು. ಒಪ್ಪಿಸಿದ ಕೆಲಸದಲ್ಲಿ ಅದು ಹೆಸರು ಮಾಡಲಿಲ್ಲವಾದರೂ ಹಿಟ್ಟು ತಿಗಣೆಯ ಬೇಟೆಯಲ್ಲಿ ನಿಪುಣವೆನಿಸಿಕೊಂಡಿತು; ಇಂದಿಗೂ ದ್ರಾಕ್ಷಿ, ಸೀಬೆಯ ತೋಟಗಳಲ್ಲಿ ಅದನ್ನು ಸಾಕಿ ಬಿಡುತ್ತಾರೆ. (ವರ್ಗವಾಗಿ ಬಂದ ಹುದ್ದೆಯಲ್ಲಿ ಸಾಧಾರಣರಾಗಿದ್ದು ಬೇರೊಂದು ಕೆಲಸದಲ್ಲಿ ಖ್ಯಾತರಾಗುವುದು ಹುಳುಗಳಲ್ಲಿಯೂ ಉಂಟೆಂದು ನನಗೆ ತಿಳಿದದ್ದು ಅಂದು.) “ಹಾಗಾದರೆ ನಾನು ಇಷ್ಟು ದಿನ...” ಎಂದು ರಾಯರು ಬಟ್ಟಲನ್ನು ನೋಡಿದರು. “ಪೊಲೀಸ್ರನ್ನ ಹಿಡದೀರಿ ಅಂಕಲ್,” ಎಂದಳು ಹುಡುಗಿ, “ಕಳ್ಳರು ಎಲ್ಲಾ ಅಲ್ಲೇ ಅದಾರ.”

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಚಿಮುಟವನ್ನು ಕೆಳಗಿಟ್ಟು ಒಳಗೆ ಹೋಗುತ್ತಿದ್ದರು. ರಾಯರು ಹುಡುಗಿಯನ್ನು ಕೇಳಿದ ಮುಂದಿನ ಪ್ರಶ್ನೆಯಿಂದಲೇ ಅವರ ಜಾತಿಯು ಯಾವುದೆಂದು ನಿರ್ಧರಿಸಬಹುದು. ಈ ಹುಳುವಿಗೆ ಚಳಿಯಾಗುವುದಿಲ್ಲವೆ? ಆಗುವುದೆಂದೂ, 16 ಡಿಗ್ರಿಯ ಕೆಳಗೆ ಅದು ಮಂದವಾಗಿ ಬಿಡುವುದೆಂದೂ ಆಕೆ ಓದಿದ್ದನ್ನು ಓದಿದಂತೆ ಹೇಳಿಬಿಟ್ಟಳು. ಅಂದಿನ ರಾತ್ರಿಯಿಂದ ದಾಸವಾಳಕ್ಕೆ ಎರಡು ಹೊದಿಕೆ: ಒಂದು ಗಿಡಕ್ಕೆ, ಒಂದು ಹುಳುವಿಗೆ.

ಉಳಿದೆರಡು ಊರುಗಳ ಕುಂಡಪಾಲಕರನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಶಹಾಪುರದವರು ಹತ್ತಿಯ ವ್ಯಾಪಾರದಿಂದ ಮೇಲೆ ಬಂದು ಮೂರಂತಸ್ತಿನ ಮನೆ ಕಟ್ಟಿಸಿದವರು; ಅವರ ಮಾಳಿಗೆಯ ಕುಂಡಗಳಲ್ಲಿ ಅರ್ಧ ನಿಜವಾದವು, ಅರ್ಧ ಪ್ಲಾಸ್ಟಿಕ್ಕಿನವು, ಔಷಧಿ ಮಾತ್ರ ಎರಡಕ್ಕೂ ಸಮ. ಪ್ಲಾಸ್ಟಿಕ್ಕಿನ ಗಿಡಗಳಿಗೆ ಇದುವರೆಗೆ ಒಂದು ಹುಳುವೂ ಬೀಳಲಿಲ್ಲವೆಂಬುದನ್ನು ಅವರು ತಮ್ಮ ಔಷಧಿಯ ಯೋಗ್ಯತೆಗೆ ಪ್ರಮಾಣವಾಗಿ ತೋರಿಸುತ್ತಾರೆ. ಅವರ ಮಾಳಿಗೆಯಿಂದ ನೋಡಿದರೆ ಎದುರಿನ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನ ಆಕೃತಿಯು ಕಾಣುತ್ತದೆ. ಆತನು ಎಷ್ಟೋ ಪುಷ್ಯಮಾಸಗಳಿಂದ ಹೊದಿಕೆಯಿಲ್ಲದೆ ಅಂಗಾತನೆ ಮಲಗಿದ್ದರೂ ನೆಗಡಿಯಾದ ಲಕ್ಷಣವಿಲ್ಲವೆಂದು ನಾನೊಮ್ಮೆ ಸೂಚಿಸಿದಾಗ, “ಅದು ಕಲ್ಲಲ್ಲೇನ್ರೀ” ಎಂದು ಮುಗಿಸಿಬಿಟ್ಟರು. ಸುರಪುರದವರು ಹಳೆಯ ವಾಡೆಯೊಂದರಲ್ಲಿ ವಾಸಿಸುವ ನಿವೃತ್ತ ಮಾಸ್ತರರು. ಅವರಲ್ಲಿರುವುದು ಒಂದೇ ಗುಲಾಬಿಯ ಕುಂಡ. ಆದರೆ ಅದರ ಮೂಲಪುರುಷನು, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ವ್ಯವಹಾರವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು ಗುಡ್ಡದ ಮೇಲಿನ ತಮ್ಮ ಮಂಜಿಲಿನ ಅಂಗಳದಲ್ಲಿ ಕೈಯಾರೆ ನೆಟ್ಟದ್ದೆಂಬ ನಂಬಿಕೆಯನ್ನು ಅವರೆದುರು ಪ್ರಶ್ನಿಸಿದವರಿಗೆ ಆ ಮನೆಯಲ್ಲಿ ಚಹಾ ಹುಟ್ಟುವುದಿಲ್ಲ. ಅಂಥ ಕುಲೀನ ಗಿಡಕ್ಕೆ ಸಾಬೂನುನೀರನ್ನು ಎರಚುವುದು ಸಂಸ್ಥಾನದ ಮರ್ಯಾದೆಗೆ ತಕ್ಕದ್ದಲ್ಲವೆಂದು ಅವರು ಪ್ರತಿಯೊಂದು ಎಲೆಯನ್ನೂ ಒದ್ದೆಯ ಅರಳೆಯಿಂದ ಬೆಳಗ್ಗೆ ಒರೆಸುತ್ತಾರೆ. ಹೇಳಲು ಸಂಕೋಚವಾಗುತ್ತದೆ, ಮೂವರಲ್ಲಿ ಹುಳುವಿಲ್ಲದ ಗಿಡವಿರುವುದು ಅವರೊಬ್ಬರಲ್ಲಿಯೇ.

ಯಾದಗಿರಿಯ ರಾಯರಾದರೋ ಕಾರ್ತಿಕದಿಂದ ಮಾಘದವರೆಗೆ ಹೀಗೆ ಅಹೋರಾತ್ರಿ ಸೆಣಸಿ, ಮಹಾಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋದುದನ್ನು ತಮ್ಮ ವಿಜಯವೆಂದೇ ಭಾವಿಸಿ, ಹೊದಿಕೆಗಳನ್ನು ಮಡಿಸಿಟ್ಟು, ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಆ ಮೇಲೆ ಬರುವುದು ಬೇಸಗೆ. ಬೆಳಗ್ಗೆ ಎರೆದ ನೀರು ಮಧ್ಯಾಹ್ನಕ್ಕೆ ಆರಿ, ಎರೆಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡು, ಸಂಜೆ ಎರೆದ ನೀರು ಬೇರನ್ನು ಮುಟ್ಟದೆ ಆ ಬಿರುಕಿನಲ್ಲಿ ಜಾರಿ ಹೊರಗೆ ಹರಿದುಹೋಗುವ ಕಾಲ. ಗಿಡಕ್ಕೆ ಪಾಲಕನೊಬ್ಬನು ಇರಲೇಬೇಕಾದ ಕಾಲ ಯಾವುದಾದರೂ ಇದ್ದರೆ ಇದೊಂದೇ. ಏಪ್ರಿಲ್ ಬಂದೊಡನೆ ರಾಯರು ಗಳಿಕೆಯ ರಜೆಯನ್ನು ಹಾಕಿ ಮಲೆನಾಡಿಗೆ ಹೊರಟುಬಿಡುತ್ತಾರೆ.

ಈ ಸಲ ಹೊರಡುವಾಗ ಬೀಗದ ಕೈಯನ್ನು ನನ್ನ ವಶಕ್ಕೆ ಕೊಟ್ಟು, ಗಿಡಗಳ ಪಾಲನೆಯನ್ನು ಕುರಿತ ಸೂಚನಾಪತ್ರವನ್ನೂ ಕೊಟ್ಟರು. ಇರುಳು ಉಷ್ಣತೆ ಇಳಿದರೆ ಕೈಕೊಳ್ಳಬೇಕಾದ ಕ್ರಮಗಳು, ತಿಗಣೆಗೂ ಗುಲಗಂಜಿ ಮರಿಗೂ ಇರುವ ವ್ಯತ್ಯಾಸ, ಬೇವಿನೆಣ್ಣೆಯ ಪ್ರಮಾಣ (ನಾಲ್ಕನ್ನು ಹೊಡೆದು ಒಂದೆಂದು ತಿದ್ದಿತ್ತು), ಎಲ್ಲವೂ ಅದರಲ್ಲಿ ಸವಿಸ್ತರವಾಗಿದ್ದವು; ನೀರಿನ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಕುಂಡಗಳನ್ನೆಲ್ಲ ಆವರಣದ ಬೇವಿನ ಮರದ ಬುಡಕ್ಕೆ ಎತ್ತಿಸಿ, ಒತ್ತೊತ್ತಾಗಿ ನಿಲ್ಲಿಸಿ, ಮಣ್ಣಿನ ಮೇಲೆ ಜೋಳದ ಕಣಿಕೆಯ ಚೂರುಗಳನ್ನು ಹರಡಿಸಿದೆ. ಮುದುಕಿಯು ಎರಡು ಹೊತ್ತು ನೀರು ಹೊಯ್ದು ಅವನ್ನು ಬದುಕಿಸಿದಳು. ಏಪ್ರಿಲ್ ಮುಗಿಯುವ ಹೊತ್ತಿಗೆ, ಬೀಸಣಿಗೆಯ ಗಾಳಿಯೂ ಒಲೆಯ ಬಾಯಿಂದ ಬಂದಂತಿದ್ದ ಒಂದು ರಾತ್ರಿ, ರಾಯರ ಫೋನು ಬಂದಿತು. ಹಿಂದಿನಿಂದ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

“ಇಲ್ಲಿ ನಿನ್ನೆಯಿಂದ ಮಳೆ ಹೊಡೆದು ಚಳಿ ಬಿದ್ದಿದೆ,” ಎಂದರು ರಾಯರು ಕಳವಳದಿಂದ. “ಅಲ್ಲಿ ಕೌದಿ ಹಾಕಿದ್ದೀರಷ್ಟೆ?”

“ಹಾಕಿದ್ದೇನೆ” ಎಂದೆ. ನೀರಿನಲ್ಲಿ ಅದ್ದಿ ನನ್ನ ಮಲಗುವ ಕೋಣೆಯ ಕಿಟಕಿಗೆ ಕಟ್ಟಿದ್ದೆ. ಎಲ್ಲಿಗೆಂದು ಅವರು ಕೇಳಲಿಲ್ಲ.